ಸೂಕರೋದರ ಎಂದರೆ ಯಾವ ಹೊಟ್ಟೆ?

ಭಾಷಾಂತರದ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಯಾವ ನಿಘಂಟು ಕೊಂಡರೆ ಒಳ್ಳೆಯದು ಎಂದು. ನನ್ನ ಮೇಜಿನ ಮೇಲೆ ಎರಡು ನಿಘಂಟುಗಳಿದ್ದವು. ಎರಡನ್ನೂ ನೋಡಿ, ಎರಡನ್ನೂ ನಂಬಿ, ಒಬ್ಬ ಹೆಂಗಸನ್ನು ಪೊಲೀಸ್ ಠಾಣೆಯ ಬಾಗಿಲವರೆಗೆ ತಂದು ನಿಲ್ಲಿಸಿದವಳು ನಾನು. ಇಷ್ಟು ವರ್ಷವಾದ ಮೇಲೂ ಅದನ್ನು ನೆನೆದರೆ ಮೈ ಉರಿಯುತ್ತದೆ. ನನ್ನ ಮೇಲೂ ಉರಿಯುತ್ತದೆ, ನನ್ನ ಮೇಲಧಿಕಾರಿಗಳ ಮೇಲೆ ಇನ್ನೂ ಹೆಚ್ಚು. ಆದ್ದರಿಂದ ನಿಘಂಟಿನ ವಿಷಯ ಪಕ್ಕಕ್ಕಿಟ್ಟು, ಈ ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನು ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಸರ್ಕಾರಿ ಭಾಷಾಂತರ ಶಾಖೆ ಜಯನಗರದಲ್ಲಿ ಬಾಡಿಗೆಗೆ ಹಿಡಿದ ಒಂದು ಮನೆಯಲ್ಲಿತ್ತು. ಬಡಾವಣೆ ಆಗಿನ್ನೂ ಹೊಸದು. ಎದುರಿನ ಸೈಟುಗಳಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಆರು ಜನ ಗಂಡಸರು, ನಾನೊಬ್ಬಳು ಹೆಂಗಸು. ಇಂಗ್ಲಿಷಿನಲ್ಲಿ ಬಂದ ಸುತ್ತೋಲೆ, ಪ್ರಕಟಣೆ, ಟೆಂಡರುಗಳನ್ನು ಕನ್ನಡಕ್ಕೆ ತರುವುದು ನಮ್ಮ ಕೆಲಸ. ಕೈಯಲ್ಲಿ ಬರೆದುಕೊಟ್ಟರೆ ಸೂಪರಿಂಟೆಂಡೆಂಟರು ತಿದ್ದುತ್ತಿದ್ದರು. ತಿದ್ದಿದ್ದನ್ನು ನಾವೇ ಸ್ಟೆನ್ಸಿಲಿನ ಮೇಣಗಾಗದಕ್ಕೆ ಉಕ್ಕಿನ ಮೊನೆಯಿಂದ ಗೀಚಿ ಪ್ರತಿ ತೆಗೆಯಬೇಕಿತ್ತು. ಕನ್ನಡದ ಟೈಪ್‌ರೈಟರು ಬಂದದ್ದು ಎಷ್ಟೋ ವರ್ಷಗಳ ನಂತರ. ಅದು ಬಂದ ಮೇಲೆ ತಪ್ಪುಗಳು ಕಡಿಮೆಯಾದವು ಎಂದು ಎಲ್ಲರೂ ಹೇಳುತ್ತಾರೆ. ಇಲ್ಲ, ತಪ್ಪುಗಳು ಅಂದವಾದವು, ಅಷ್ಟೆ.

ತಪ್ಪುಗಳಿಗೆ ನಮ್ಮಲ್ಲಿ ಬರವಿರಲಿಲ್ಲ. ಎಳನೀರನ್ನು ಇಂಗ್ಲಿಷಿನಲ್ಲಿ ಟೆಂಡರ್ ಕೋಕನಟ್ ಎನ್ನುತ್ತಾರೆ. ನನ್ನ ಪಕ್ಕದ ಮೇಜಿನವರು ಅದನ್ನು ‘ಟೆಂಡರು ಕರೆದ ತೆಂಗಿನಕಾಯಿ’ ಎಂದು ಬರೆದು, ಅದು ಹಾಗೆಯೇ ಅಚ್ಚಾಗಿ ಬಂತು. ಇನ್ನೊಬ್ಬರು ಕಿಡ್ ಗ್ಲವ್ಸ್, ಅಂದರೆ ಮೇಕೆಮರಿಯ ಚರ್ಮದ ಕೈಗವಸನ್ನು ‘ಮಕ್ಕಳ ಚರ್ಮದ ಕೈಗವಸು’ ಮಾಡಿದರು. ವಾರಗಟ್ಟಲೆ ನಕ್ಕೆವು. ಈಗ ಯೋಚಿಸಿದರೆ, ಆ ತಪ್ಪುಗಳಿಂದ ಯಾರಿಗೂ ಪೆಟ್ಟು ಬೀಳಲಿಲ್ಲ, ಅದಕ್ಕೇ ನಗಲು ಸಾಧ್ಯವಾಯಿತು. ತಪ್ಪು ಮಾಡಿದವರಿಗೆ ಆಗಲೇ ಬುದ್ಧಿ ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತೋ ಏನೋ.

ನಮ್ಮ ಸೂಪರಿಂಟೆಂಡೆಂಟರ ಹೆಸರು ಅನಂತಯ್ಯ. ಸಂಸ್ಕೃತ ಚೆನ್ನಾಗಿ ಓದಿಕೊಂಡವರು, ಕೈಬರಹ ಮುತ್ತಿನಂಥದು. ಅವರ ಪ್ರಕಾರ ಸರ್ಕಾರದ ಕಾಗದದಲ್ಲಿ ಬೀದಿಯ ಮಾತು ಬರಬಾರದು. ‘ಚರಂಡಿ’ ಎಂದು ಬರೆದರೆ ಹೊಡೆದುಹಾಕಿ ‘ಜಲನಿರ್ಗಮ ಮಾರ್ಗ’ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳ ಜನ ಆ ಪ್ರಕಟಣೆಗಳನ್ನು ಕೈಯಲ್ಲಿ ಹಿಡಿದು ಶಾಲೆಯ ಮೇಷ್ಟ್ರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕನ್ನಡದವರಿಗೆ ಅರ್ಥವಾಗಲೆಂದು ಕನ್ನಡಕ್ಕೆ ತಂದದ್ದನ್ನು ಓದಲು ಇನ್ನೊಬ್ಬ ಭಾಷಾಂತರಕಾರ ಬೇಕಾಗಿತ್ತು. ಇದನ್ನು ನಾನು ಒಮ್ಮೆ ಅವರಿಗೆ ಹೇಳಿದೆ. ಜನರ ಮಟ್ಟ ಏರಬೇಕೇ ಹೊರತು ಭಾಷೆಯ ಮಟ್ಟ ಇಳಿಯಬಾರದು ಎಂದು ಉತ್ತರ ಬಂತು.

ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ನನ್ನ ಮೇಜಿಗೆ ಒಂದು ಪಟ್ಟಿ ಬಂತು. ಬೆಂಗಳೂರಿನ ಒಂದು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಯುರೋಪಿನ ಇಂಜಿನಿಯರುಗಳಿಗಾಗಿ ಜಯನಗರದ ಅಂಚಿನಲ್ಲಿ ಒಂದು ಅತಿಥಿಗೃಹ ತೆರೆದಿದ್ದರು. ಅದರ ಅಡುಗೆಮನೆಗೆ ಮಾಂಸ, ಮೊಟ್ಟೆ, ತರಕಾರಿ ಒದಗಿಸಲು ಸುತ್ತಲಿನ ಊರುಗಳವರಿಂದ ಟೆಂಡರು ಕರೆಯಬೇಕಿತ್ತು. ಸ್ಥಳೀಯರಿಗೂ ಅವಕಾಶ ಸಿಗಲಿ ಎಂದು ಪಟ್ಟಿ ಕನ್ನಡದಲ್ಲೂ ಇರಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಒಳ್ಳೆಯ ಆದೇಶವೇ.

ಪಟ್ಟಿಯನ್ನು ಅನಂತಯ್ಯನವರು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದಿಟ್ಟರು. ಹೆಂಗಸರಲ್ಲವೆ, ಅಡುಗೆಮನೆಯ ಪದಗಳು ನಿಮಗೇ ಚೆನ್ನಾಗಿ ಗೊತ್ತು ಎಂದರು. ನಮ್ಮ ಮನೆಯ ಅಡುಗೆಮನೆಯಲ್ಲಿ ಈರುಳ್ಳಿಗೂ ಪ್ರವೇಶವಿರಲಿಲ್ಲ. ಆ ಆರು ಜನ ಗಂಡಸರಲ್ಲಿ ಇಬ್ಬರು ಶಿವಾಜಿನಗರದ ಹೋಟೆಲುಗಳಲ್ಲಿ ಏನೇನು ತಿಂದು ಬರುತ್ತಿದ್ದರೆಂದು ಇಡೀ ಶಾಖೆಗೆ ಗೊತ್ತಿತ್ತು. ಅವರು ತಲೆಯೆತ್ತಲಿಲ್ಲ. ನಾನೂ ಅವರನ್ನು ಕೇಳಲಿಲ್ಲ. ಕೇಳುವುದು ನನಗೆ ಅವಮಾನವೆನಿಸಿತು. ಇದು ನನ್ನ ಮೊದಲ ತಪ್ಪು.

ಪಟ್ಟಿಯಲ್ಲಿ ಪೋರ್ಕ್ ಬೆಲ್ಲಿ ಎಂದಿತ್ತು, ವಾರಕ್ಕೆ ಹದಿನೈದು ಕಿಲೋ. ಒಂದು ನಿಘಂಟು ತೆರೆದೆ: ಪೋರ್ಕ್ ಎಂದರೆ ಹಂದಿಮಾಂಸ. ಇನ್ನೊಂದು ತೆರೆದೆ: ಬೆಲ್ಲಿ ಎಂದರೆ ಹೊಟ್ಟೆ, ಉದರ, ಜಠರ. ಎರಡನ್ನೂ ಕೂಡಿಸಿ ‘ಹಂದಿಯ ಹೊಟ್ಟೆ’ ಎಂದು ಬರೆದೆ. ಕಾಲು ನಿಮಿಷವೂ ಹಿಡಿಯಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದೇ, ಈ ಕಾಗದ ಬೇಗ ನನ್ನ ಕೈಬಿಟ್ಟು ಹೋಗಲಿ ಎಂಬುದು.

ಅನಂತಯ್ಯನವರು ಅದನ್ನು ನೋಡಿ ಮುಖ ಕಿವುಚಿದರು. ಅರ್ಥ ಸರಿಯೇ ತಪ್ಪೇ ಎಂದಲ್ಲ, ‘ಹಂದಿ’ ಎಂಬ ಪದ ಸರ್ಕಾರದ ಮೊಹರಿನ ಕೆಳಗೆ ಬರಕೂಡದೆಂದು. ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಮುತ್ತಿನಂಥ ಅಕ್ಷರದಲ್ಲಿ ‘ಸೂಕರೋದರ’ ಎಂದು ಬರೆದರು. ಆ ಪದವನ್ನು ನಾನೇ ಸ್ಟೆನ್ಸಿಲಿಗೆ ಗೀಚಿದೆ. ಹಳ್ಳಿಹಳ್ಳಿಯ ಚಾವಡಿಗಳ ಗೋಡೆಗೆ ಅದು ಅಂಟಿಕೊಂಡಿತು.

ಸುದ್ದಗುಂಟೆಪಾಳ್ಯದ ಹತ್ತಿರ ಲಕ್ಕಮ್ಮ ಎಂಬ ಹೆಂಗಸು ತನ್ನ ಅಣ್ಣನ ಜೊತೆ ಹಂದಿ ಸಾಕುತ್ತಿದ್ದಳು. ನಲವತ್ತರ ಆಸುಪಾಸಿನ ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹಂದಿ ಬೇಕಂತೆ ಎಂಬ ಸುದ್ದಿ ಕೇಳಿ ಆ ಬಾಬತ್ತಿಗೆ ಟೆಂಡರು ಹಾಕಿದವಳು ಅವಳೊಬ್ಬಳೇ, ಅದು ಅವಳಿಗೇ ಸಿಕ್ಕಿತು. ಸಿಕ್ಕ ಮೇಲೆ ಪಟ್ಟಿಯನ್ನು ಮೇಷ್ಟ್ರ ಹತ್ತಿರ ಓದಿಸಿದಳು. ಸೂಕರ ಎಂದರೆ ಹಂದಿ, ಉದರ ಎಂದರೆ ಹೊಟ್ಟೆ ಎಂದು ಅವರು ಬಿಡಿಸಿ ಹೇಳಿದರು. ಹದಿನೈದು ಕಿಲೋ ಹೊಟ್ಟೆ ಎಂದಾಗ ಅವಳಿಗೆ ದಿಗಿಲಾಯಿತಂತೆ. ಒಂದು ಹಂದಿಗೆ ಒಂದೇ ಹೊಟ್ಟೆ. ತೊಳೆದು ತೂಗಿದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹದಿನೈದು ಕಿಲೋ ಆಗಬೇಕಾದರೆ ವಾರಕ್ಕೆ ಇಪ್ಪತ್ತೈದು ಹಂದಿ ಕಡಿಯಬೇಕು. ಅವಳ ಹತ್ತಿರ ಇದ್ದದ್ದು ಮರಿಗಳೂ ಸೇರಿ ಮೂವತ್ತು.

ಅತಿಥಿಗೃಹದ ಉಗ್ರಾಣದ ಅಧಿಕಾರಿಯನ್ನು ಹೋಗಿ ಕೇಳಿದಳು, ಇಷ್ಟೊಂದು ಹೊಟ್ಟೆ ನಿಮಗೆ ಯಾಕೆ ಬೇಕು ಎಂದು. ಬರೆದದ್ದನ್ನು ತಂದುಕೊಡು, ಹೆಚ್ಚಿಗೆ ಮಾತಾಡಬೇಡ ಎಂದರು. ಅವರ ಕೈಯಲ್ಲಿ ಇಂಗ್ಲಿಷ್ ಪಟ್ಟಿ, ಅವಳ ಕೈಯಲ್ಲಿ ಕನ್ನಡ ಪಟ್ಟಿ.

ಹಾಗಾಗಿ ಅವಳು ಊರೂರು ತಿರುಗಿದಳು. ಪಾಳ್ಯಗಳಲ್ಲಿ ಹಂದಿ ಕಡಿಯುವವರನ್ನೆಲ್ಲ ಕಂಡು ಹೊಟ್ಟೆ ನನಗೇ ಕೊಡಿ ಎಂದು ಕೇಳಿಕೊಂಡಳು. ದಂಡಿನ ಕಡೆಗೂ, ಕಂಟೋನ್ಮೆಂಟಿಗೂ, ಹೋದಳು. ಗುಡ್ಡೆ ಹಾಕಿದ ಹೊಟ್ಟೆಗಳನ್ನು ಅವಳೂ ಅಣ್ಣನೂ ಬಾವಿಯ ಹತ್ತಿರ ಕುಳಿತು ಹಗಲೆಲ್ಲ ತಿರುವಿ ತಿರುವಿ ತೊಳೆದರು. ಉಪ್ಪು ಹಾಕಿ ತಿಕ್ಕಿ, ಅರಿಶಿನ ಹಚ್ಚಿ, ಬಿಳಿ ಬಟ್ಟೆಯಂತೆ ಮಾಡಿ ಬುಟ್ಟಿಯಲ್ಲಿ ಹೊತ್ತು ತಂದಳು. ಅಡುಗೆಯವನು ನೋಡಿದ, ಬೇಡವೆಂದ. ಉಗ್ರಾಣದ ಅಧಿಕಾರಿ ಬುಟ್ಟಿಯನ್ನು ಹಿತ್ತಲ ಗುಂಡಿಗೆ ಸುರಿಸಿದರು. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಇದೇನು ಹೊಲಸು ಎಂದು ಬೈದರಷ್ಟೆ. ಹೊಲಸು ಎಂದದ್ದನ್ನು ಕೇಳಿ ಅವಳು ಸರಿಯಾಗಿ ತೊಳೆದಿಲ್ಲವೇನೋ ಎಂದುಕೊಂಡಳು. ಮುಂದಿನ ವಾರ ಸುಣ್ಣದ ನೀರಿನಲ್ಲಿ ಅದ್ದಿ ಇನ್ನೂ ಬೆಳ್ಳಗೆ ಮಾಡಿ ತಂದಳು. ಅದೂ ಗುಂಡಿಗೆ ಹೋಯಿತು. ಮೂರನೆಯ ವಾರವೂ ತಂದಳು.

ಈ ಮೂರು ವಾರಗಳನ್ನು ನೆನೆದರೆ ನನಗೆ ಇಂದಿಗೂ ಕೋಪ ಉಕ್ಕುತ್ತದೆ. ಅತಿಥಿಗೃಹದಲ್ಲಿ ಹತ್ತಾರು ಜನ ಓದಿದವರಿದ್ದರು. ಒಬ್ಬರಿಗಾದರೂ ಆ ಹೆಂಗಸನ್ನು ಕೂರಿಸಿ, ನೋಡಮ್ಮ, ನಮಗೆ ಬೇಕಾದದ್ದು ಇದಲ್ಲ, ಇಂಥದ್ದು ಎಂದು ತೋರಿಸುವ ವ್ಯವಧಾನ ಇರಲಿಲ್ಲ. ಅವಳನ್ನು ಹಿಂದಿನ ಗೇಟು ದಾಟಿ ಒಳಗೆ ಬಿಟ್ಟೇ ಇರಲಿಲ್ಲ. ನಾಲ್ಕನೆಯ ವಾರ ಅವಳ ಕೈಗೆ ಒಂದು ನೋಟೀಸು ಬಂತು. ಒಳ್ಳೆಯ ಮಾಂಸವನ್ನು ಬೇರೆ ಕಡೆ ಮಾರಿಕೊಂಡು, ಒಪ್ಪಂದಕ್ಕೆ ವಿರುದ್ಧವಾಗಿ ಬಿಸಾಡುವ ಭಾಗವನ್ನು ತಂದುಕೊಟ್ಟು ವಂಚಿಸಿದ್ದಾಳೆ. ಪೊಲೀಸರಿಗೆ ದೂರು ಕೊಡಲಾಗುವುದು, ಹಂದಿ ಕಡಿಯುವ ಪರವಾನಗಿ ರದ್ದು ಮಾಡಲು ಬರೆಯಲಾಗುವುದು ಎಂದು ಅದರಲ್ಲಿತ್ತು. ಪರವಾನಗಿ ಹೋದರೆ ಅವಳಿಗೂ ಅಣ್ಣನ ಸಂಸಾರಕ್ಕೂ ಬೇರೆ ದಾರಿಯಿರಲಿಲ್ಲ.

ಅತಿಥಿಗೃಹದ ಅಡುಗೆಯವನು ಫ್ರಾನ್ಸಿಸ್ ಎಂಬ ಗೋವೆಯ ಕಡೆಯ ಮನುಷ್ಯ. ಕನ್ನಡ ಅಷ್ಟಕ್ಕಷ್ಟೆ. ಬುಟ್ಟಿ ನೋಡಿ ಬೇಡವೆಂದದ್ದು ಇವನೇ, ತಂದವಳನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ದಿನ ಅವಳು ಗೇಟಿನ ಹತ್ತಿರ ಅಳುತ್ತ ನಿಂತದ್ದನ್ನು ಕಂಡು ಅವನೇ ಹೊರಗೆ ಬಂದ. ಹೊಟ್ಟೆ ಅಲ್ಲ, ಹೊಟ್ಟೆ ಮೇಲಿನ ಮಾಂಸ ಎಂದು ಕೈಸನ್ನೆಯಲ್ಲಿ ಹೇಳಿದ. ಕನ್ನಡದಲ್ಲಿ ಬರೆದವರನ್ನು ಹೋಗಿ ಕೇಳು ಎಂದು ನಮ್ಮ ಶಾಖೆಯ ದಾರಿ ತೋರಿಸಿದ.

ಅವಳು ನಮ್ಮ ಕಾಂಪೌಂಡಿನ ಹೊರಗೆ ಬಂದು ನಿಂತದ್ದು ಊಟದ ಬಿಡುವಿನ ಸ್ವಲ್ಪ ಮೊದಲು. ಯಾರು, ಎಲ್ಲಿಂದ ಬಂದವಳು ಎಂದು ತಿಳಿದ ಕೂಡಲೇ ಜವಾನ ಅವಳಿಗೆ ದೂರ ನಿಲ್ಲು ಎಂದ. ಅನಂತಯ್ಯನವರು ಎದ್ದು ಆ ಕಡೆಯ ಕಿಟಕಿ ಮುಚ್ಚಿದರು. ಪಟ್ಟಿ ಬರೆದವಳು ನಾನಾದ್ದರಿಂದ ನಾನು ಹೊರಗೆ ಹೋದೆ. ಧೈರ್ಯದಿಂದ ಹೋದೆ ಎಂದು ಹೇಳಿಕೊಳ್ಳಲಾರೆ. ಬೇಗ ಸಾಗಹಾಕಿ ಬರೋಣವೆಂದೇ ಹೋದದ್ದು.

ಅವಳು ಮಡಿಚಿದ ಪ್ರಕಟಣೆಯನ್ನು ಬಿಚ್ಚಿ ಹಿಡಿದಳು.

“ಅವ್ವಾ, ಇದನ್ನ ಬರ್ದೋರು ಯಾರು?”

“ನಾನೇ,” ಎಂದೆ.

“ಇದ್ರಲ್ಲಿ ಏನ್ ಕೇಳಿದೀರ ಅಂತ ನಿಮ್ ಬಾಯಲ್ಲೇ ಒಂದ್ಸಲ ಹೇಳಿ.”

“ಹಂದಿ ಹೊಟ್ಟೆ.”

“ನಾನು ಅದ್ನೇ ತಂದ್ಕೊಟ್ಟೆ ಕಣವ್ವ. ಮೂರು ವಾರ ತಂದ್ಕೊಟ್ಟೆ. ಮತ್ತೆ ನನ್ನ ಕಳ್ಳಿ ಅಂತ ಯಾಕ್ ಬರ್ದವ್ರೆ?”

ನಾನು ಬರೆದ ಪದದ ಅರ್ಥ ನನಗೇ ಗೊತ್ತಿಲ್ಲ ಎಂಬುದು ಆ ರಸ್ತೆಯಲ್ಲಿ ನಿಂತಾಗ ತಿಳಿಯಿತು. ನೋಟೀಸು ಓದಿದೆ. ಅವಳ ಕೈಗಳನ್ನು ನೋಡಿದೆ. ಸುಣ್ಣದ ನೀರಿಗೆ ಬೆರಳ ತುದಿಗಳ ಚರ್ಮ ಸುಲಿದು ಹೋಗಿತ್ತು. ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ, ಯಾವುದು ಏನು ಎಂದು ನನಗೆ ತೋರಿಸಿಕೊಡಿ ಎಂದು ಕೇಳಿದೆ. ಅವಳು ನಂಬಲಿಲ್ಲ. ಆದರೂ ಗುರುತು ಹೇಳಿ ಹೋದಳು.

ಮನೆಯಲ್ಲಿ ಯಜಮಾನರಿಗೆ ನಿಜ ಹೇಳಿದೆ. ಅತ್ತೆಯವರಿಗೆ ಕಚೇರಿಯ ಕೆಲಸ ಎಂದಷ್ಟೇ ಹೇಳಿದೆ. ಅದು ಸುಳ್ಳೂ ಅಲ್ಲ. ಜಯನಗರದ ಕೊನೆಯ ಮನೆಗಳನ್ನು ದಾಟಿದರೆ ಆಗ ರಾಗಿಹೊಲಗಳು, ಕಾಲುದಾರಿ. ಮುಕ್ಕಾಲು ಗಂಟೆ ನಡೆದೆ. ಲಕ್ಕಮ್ಮನ ಗುಡಿಸಲಿನ ಹಿಂದೆ ಒಂದು ಚಪ್ಪರ, ಅದರ ಕೆಳಗೆ ದೊಡ್ಡ ಮರದ ದಿಮ್ಮಿ. ಅಂದು ಕಡಿದ ಹಂದಿಯ ಅರ್ಧ ಭಾಗ ಅದರ ಮೇಲಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಖ ತಿರುಗಿಸಿದೆ.

“ಮೂಗು ಮುಚ್ಕಳಿ, ಪರವಾಗಿಲ್ಲ,” ಎಂದಳು ಲಕ್ಕಮ್ಮ. “ಕಣ್ಣು ಮುಚ್ಕಬೇಡಿ.”

ಕಣ್ಣು ಬಿಟ್ಟು ನೋಡಿದೆ. ಅವಳು ಪಕ್ಕೆಲುಬು ಮುಗಿಯುವ ಕಡೆಯಿಂದ ಹಿಂಗಾಲಿನವರೆಗೆ ಬೆರಳೆಳೆದು ತೋರಿಸಿದಳು. ಅದು ಹೊಟ್ಟೆಯನ್ನು ಹೊರಗಿನಿಂದ ಮುಚ್ಚಿರುವ ಮಾಂಸ. ಚರ್ಮ, ಅದರ ಕೆಳಗೆ ನೆಣ, ಮತ್ತೆ ಮಾಂಸ, ಮತ್ತೆ ನೆಣ, ಪದರ ಪದರವಾಗಿ, ಒಂದು ಅಗಲವಾದ ಹಲಗೆಯಂತೆ ಬರುತ್ತದೆ. ಹೊಟ್ಟೆ ಕಡೆ ಮಾಂಸ ಎಂದಳು. ದೊರೆಗಳಿಗೆ, ಆ ಬಿಳಿಯ ಇಂಜಿನಿಯರುಗಳಿಗೆ, ಬೇಕಾಗಿದ್ದದ್ದು ಅದು. ಒಂದು ದೊಡ್ಡ ಹಂದಿಯಲ್ಲಿ ಅದೇ ಏಳೆಂಟು ಕಿಲೋ ಸಿಗುತ್ತದೆ. ಎರಡು ಹಂದಿ ಕಡಿದಿದ್ದರೆ ವಾರದ ಲೆಕ್ಕ ಮುಗಿಯುತ್ತಿತ್ತು. ಆಮೇಲೆ ಬಾಣಲೆಯೊಂದರಲ್ಲಿ ಇದ್ದ ಬೂದು ಬಣ್ಣದ ಚೀಲವನ್ನು ಎತ್ತಿ ತೋರಿಸಿದಳು. ತಿಂದದ್ದು ಹೋಗಿ ಬೀಳುವ ಚೀಲ. ಕರುಳಿನ ಜೊತೆ ಸೇರಿಸಿ ಬೋಟಿ ಎಂದು ಮಾರುವುದು. ಇದನ್ನೇ ನಾವೆಲ್ಲ ಹೊಟ್ಟೆ ಅನ್ನೋದು ಎಂದಳು.

ನಾನು ದಿಮ್ಮಿಯ ಪಕ್ಕದಲ್ಲೇ ನಿಂತು ಬರೆದುಕೊಂಡೆ. ಕನ್ನಡದ ‘ಹೊಟ್ಟೆ’ ಒಳಗೂ ಹೌದು ಹೊರಗೂ ಹೌದು. ಹೊಟ್ಟೆನೋವು ಎಂದಾಗ ಒಳಗಿನದು, ಹೊಟ್ಟೆ ಬಂದಿದೆ ಎಂದಾಗ ಹೊರಗಿನದು. ಮಾತಾಡುವವರಿಗೆ ಎದುರಿಗಿರುವವರ ಮುಖ ಕಾಣುತ್ತದೆ, ತಪ್ಪು ತಿಳಿದರೆ ತಿದ್ದಬಹುದು. ಗೋಡೆಗೆ ಅಂಟಿಸಿದ ಕಾಗದಕ್ಕೆ ಆ ಸೌಕರ್ಯವಿಲ್ಲ. ಇಂಗ್ಲಿಷಿನ ಬೆಲ್ಲಿಗೂ ಇದೇ ಗೋಜು ಇದ್ದೀತು. ಆದರೆ ಮಾಂಸ ಮಾರುವವನ ಬಾಯಲ್ಲಿ, ಅಡುಗೆಯವನ ಬಾಯಲ್ಲಿ ಪೋರ್ಕ್ ಬೆಲ್ಲಿ ಎಂದರೆ ಹೊರಗಿನ ಪದರವೊಂದೇ. ಇದನ್ನು ಫ್ರಾನ್ಸಿಸ್ ನನಗೆ ಮರುದಿನ ಒಂದೇ ಮಾತಿನಲ್ಲಿ ಹೇಳಿದ. ಅದನ್ನು ಉಪ್ಪು ಹಾಕಿ ಹೊಗೆ ಕೊಟ್ಟರೆ ಬೇಕನ್ ಆಗುತ್ತದೆ ಎಂದೂ ಹೇಳಿದ. ಸ್ವಲ್ಪ ಕಾಲದ ಮೇಲೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಮೆರಿಕದ ಪೇಟೆಧಾರಣೆಯ ಸಾಲಿನಲ್ಲಿ ಅದೇ ಪದ ಕಂಡೆ. ಅಲ್ಲಿ ಅದನ್ನು ಗೋಧಿ, ಜೋಳದಂತೆ ಮುಂಚಿತವಾಗಿ ಕೊಂಡು ಮಾರುತ್ತಾರೆ. ಆ ಪೇಟೆಯವರೂ ಯಾವ ಪ್ರಾಣಿಯ ಜಠರವನ್ನೂ ಕೊಳ್ಳುತ್ತಿರಲಿಲ್ಲ.

ಒಬ್ಬ ಅಡುಗೆಯವನನ್ನು, ಒಬ್ಬ ಹಂದಿ ಸಾಕುವ ಹೆಂಗಸನ್ನು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿದ್ದ ವಿಷಯ ಇದು. ಎರಡೂ ನಿಘಂಟುಗಳಲ್ಲಿ ಇರಲಿಲ್ಲ.

ಸೋಮವಾರ ಅನಂತಯ್ಯನವರ ಮುಂದೆ ನಿಂತು ಎಲ್ಲ ಹೇಳಿದೆ. ಪ್ರಕಟಣೆಯಲ್ಲಿ ತಪ್ಪಾಗಿದೆ, ಅದು ನಮ್ಮ ತಪ್ಪು, ತಿದ್ದುಪಡಿ ಕಳಿಸಿ ನೋಟೀಸು ಹಿಂತೆಗೆಸಬೇಕು ಎಂದೆ. ಅವರಿಗೆ ಮೊದಲು ಸಿಟ್ಟು ಬಂದದ್ದು ನಾನು ಅಲ್ಲಿಗೆ ಹೋದೆನೆಂಬುದಕ್ಕೆ. ಆಮೇಲೆ ಶಾಂತರಾಗಿ, ಸೂಕರೋದರ ವ್ಯಾಕರಣಶುದ್ಧವಾದ ಪದ, ಅದರಲ್ಲಿ ದೋಷವಿಲ್ಲ ಎಂದರು. ಪದ ಶುದ್ಧವಾಗಿದೆ, ಹೆಂಗಸು ಜೈಲಿಗೆ ಹೋಗುತ್ತಾಳೆ ಎಂದೆ. ನನ್ನ ದನಿ ಏರಿತ್ತು. ಪಕ್ಕದ ಕೋಣೆಯಲ್ಲಿ ಪೆನ್ನುಗಳು ನಿಂತವು.

“ಹೊಟ್ಟೆಗೆ ಹಾಕ್ಕೊಂಡ್‌ಬಿಡಿ ಸರೋಜಮ್ಮ,” ಎಂದರು ಅವರು. “ಒಬ್ಳು ಹಂದಿ ಸಾಕೋಳಿಗೋಸ್ಕರ ಶಾಖೆ ಮರ್ಯಾದೆ ಕಳೀಬೇಕಾ?”

ಅವರ ಬಾಯಲ್ಲಿ ‘ಹಂದಿ’ ಎಂಬ ಪದ ನಾನು ಕೇಳಿದ್ದು ಅದೇ ಮೊದಲು. ಪ್ರಕಟಣೆಯಲ್ಲಿ ಬರೆಯಬಾರದ ಪದ ಒಬ್ಬಳನ್ನು ಹೀನಾಯ ಮಾಡಲು ಸಲೀಸಾಗಿ ಬಂತು.

ನಾನು ಮೇಜಿಗೆ ಹಿಂತಿರುಗಿ ಒಂದು ಹೇಳಿಕೆ ಬರೆದೆ. ಮೂಲದಲ್ಲಿ ಏನಿತ್ತು, ನಾನು ಏನು ಬರೆದೆ, ಅದು ಹೇಗೆ ತಿದ್ದಲ್ಪಟ್ಟಿತು, ಎರಡೂ ಏಕೆ ತಪ್ಪು, ಸರಬರಾಜುದಾರಳು ಕನ್ನಡದಲ್ಲಿ ಕೇಳಿದ್ದನ್ನೇ ಹೇಗೆ ತಂದುಕೊಟ್ಟಿದ್ದಾಳೆ ಎಂದು ಎರಡು ಪುಟ. ಸಹಿ ಹಾಕಿ, ಸೂಪರಿಂಟೆಂಡೆಂಟರ ಮೂಲಕ ಕಳಿಸದೆ ನೇರವಾಗಿ ಮೇಲಿನ ಕಚೇರಿಗೆ ಕಳಿಸಿದೆ. ಒಂದು ಪ್ರತಿಯನ್ನು ಲಕ್ಕಮ್ಮನಿಗೆ ಕೊಟ್ಟೆ. ಹೀಗೆ ಮಾಡುವುದು ಶಿಸ್ತಿಗೆ ವಿರುದ್ಧವೆಂದು ಗೊತ್ತಿತ್ತು. ಅಂದು ಊಟದ ಡಬ್ಬಿ ತೆರೆಯಲಿಲ್ಲ.

ಹದಿನೈದು ದಿನದ ಮೇಲೆ ವಿಚಾರಣೆ ನಡೆಯಿತು. ಮೇಲಿನ ಕಚೇರಿಯ ಒಬ್ಬ ಅಧಿಕಾರಿ ಅತಿಥಿಗೃಹಕ್ಕೇ ಬಂದರು. ಹಿತ್ತಲ ವರಾಂಡದಲ್ಲಿ ಮೇಜು ಹಾಕಿದ್ದರು. ಉಗ್ರಾಣದ ಅಧಿಕಾರಿ, ಅನಂತಯ್ಯನವರು, ನಾನು ಕುರ್ಚಿಗಳಲ್ಲಿ. ಲಕ್ಕಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು, ಅವಳ ಪಕ್ಕದಲ್ಲಿ ಬಾಳೆಲೆ ಮುಚ್ಚಿದ ಎರಡು ಬುಟ್ಟಿಗಳು. ಅದರಲ್ಲಿ ಏನಿದೆ ಎಂದು ನನಗೆ ತಿಳಿದಿರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವರಲ್ಲ, ಅವಸರದವರು. ಇಷ್ಟು ವರ್ಷ ಹಂದಿ ವ್ಯಾಪಾರ ಮಾಡಿದವಳಿಗೆ ದೊರೆಗಳು ಯಾವ ಭಾಗ ತಿನ್ನುತ್ತಾರೆಂದು ತಿಳಿಯದೇ ಎಂದು ಕೇಳಿದರು. ಉಗ್ರಾಣದ ಅಧಿಕಾರಿ ತಲೆದೂಗಿದರು. ತಿಳಿದೂ ತಿಳಿಯದವಳಂತೆ ನಟಿಸಿದ್ದಾಳೆ ಎಂದರು. ನಾನು ಎದ್ದು ನನ್ನ ಹೇಳಿಕೆಯಲ್ಲಿ ಇದ್ದದ್ದನ್ನೇ ಹೇಳತೊಡಗಿದೆ. ಪದಗಳ ಚರ್ಚೆ ಆಮೇಲೆ ಎಂದು ವಿಚಾರಣೆಯ ಅಧಿಕಾರಿ ಕೈಯೆತ್ತಿ ಕೂರಿಸಿದರು. ಪದವೇ ಮೊಕದ್ದಮೆ, ಪದದ ಚರ್ಚೆ ಆಮೇಲಂತೆ.

ಆಗ ಲಕ್ಕಮ್ಮ ಕೇಳದೆಯೇ ಮುಂದೆ ಬಂದಳು. ಎರಡೂ ಬುಟ್ಟಿಗಳನ್ನು ವರಾಂಡದ ಅಂಚಿಗೆ ಇಟ್ಟು ಬಾಳೆಲೆ ತೆಗೆದಳು. ಒಂದರಲ್ಲಿ ಪದರಪದರದ ಮಾಂಸದ ಹಲಗೆ, ಇನ್ನೊಂದರಲ್ಲಿ ತೊಳೆದ ಚೀಲ. ಅಧಿಕಾರಿ ಕರವಸ್ತ್ರ ತೆಗೆದರು. ಅನಂತಯ್ಯನವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

“ಸೋಮಿ,” ಎಂದಳು ಲಕ್ಕಮ್ಮ, “ಇವೆರಡ್ರಲ್ಲಿ ಹೊಟ್ಟೆ ಯಾವ್ದು ಅಂತ ತಾವೇ ತೋರ್ಸಿ.”

ಅಧಿಕಾರಿ ಚೀಲದ ಕಡೆ ಬೆರಳು ತೋರಿಸಿದರು. ಯೋಚಿಸಲೇ ಇಲ್ಲ. ಅವಳು ಉಗ್ರಾಣದ ಅಧಿಕಾರಿಯ ಕಡೆ ತಿರುಗಿದಳು. ಅವರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿಯೇ ಅವರನ್ನು ಕೇಳಿದಾಗ ಅವರೂ ಚೀಲವನ್ನೇ ತೋರಿಸಬೇಕಾಯಿತು. ಅನಂತಯ್ಯನವರು ಮೂಗು ಮುಚ್ಚಿಕೊಂಡೇ ಅದೇ, ಅದೇ, ಮುಚ್ಚು ಎಂದರು. ಬಾಗಿಲಲ್ಲಿ ನಿಂತಿದ್ದ ಫ್ರಾನ್ಸಿಸ್ ಮಾತ್ರ ಇನ್ನೊಂದು ಬುಟ್ಟಿಯನ್ನು ತೋರಿಸಿ, ನನಗೆ ಬೇಕಾಗಿದ್ದದ್ದು ಇದು ಎಂದ.

ಲಕ್ಕಮ್ಮ ಬಾಳೆಲೆ ಮುಚ್ಚಿ ಹಿಂದೆ ಸರಿದು ನಿಂತಳು. ನಾನು ಎರಡು ಪುಟದಲ್ಲಿ ಹೇಳಲಾರದ್ದನ್ನು ಅವಳು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದಳು. ಅಧಿಕಾರಿ ಕನ್ನಡದ ಪ್ರಕಟಣೆಯನ್ನು ಕೇಳಿ ತರಿಸಿಕೊಂಡು ಮೊದಲ ಬಾರಿಗೆ ಓದಿದರು. ಸೂಕರೋದರದ ಹತ್ತಿರ ತಡವರಿಸಿ ಇದೇನು ಎಂದು ಅನಂತಯ್ಯನವರನ್ನು ಕೇಳಿದರು. ಅವರು ಸಮಾಸ ಬಿಡಿಸಿ ಹೇಳಿದರು. ಉದರ ಎಂದರೆ? ಹೊಟ್ಟೆ. ಅಧಿಕಾರಿ ಕಾಗದ ಮಡಿಚಿಟ್ಟರು.

ಮೂರು ವಾರದ ನಂತರ ಆದೇಶ ಹೊರಟಿತು. ಪೊಲೀಸ್ ದೂರು ಇಲ್ಲ, ಪರವಾನಗಿಗೆ ತೊಂದರೆಯಿಲ್ಲ. ಆದರೆ ಟೆಂಡರನ್ನು ರದ್ದು ಮಾಡಿ, ಪೇಟೆಯ ಒಂದು ದೊಡ್ಡ ಅಂಗಡಿಗೆ ಕೊಟ್ಟಿದ್ದರು. ಅನಂತಯ್ಯನವರ ಹೆಸರೇ ಅದರಲ್ಲಿರಲಿಲ್ಲ. ನನಗೆ ಪ್ರತ್ಯೇಕವಾಗಿ ಒಂದು ಎಚ್ಚರಿಕೆಯ ಪತ್ರ ಬಂತು: ಅನುಮತಿಯಿಲ್ಲದೆ ಸರಬರಾಜುದಾರರ ಮನೆಗೆ ಹೋದದ್ದು ಸರ್ಕಾರಿ ನೌಕರಳ ಘನತೆಗೆ ತಕ್ಕದ್ದಲ್ಲ ಎಂದು. ತಪ್ಪು ಅನುವಾದಕ್ಕೆ ಬೈದಿದ್ದರೆ ತಲೆಬಾಗುತ್ತಿದ್ದೆ. ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅರ್ಥ ತಿಳಿಯಲು ಹೋದದ್ದೇ ನನ್ನ ಅಪರಾಧ.

ಆಮೇಲೆ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದೆ. ಕಸುಬಿನ ಪದ ಬಂದರೆ ಕಸುಬಿನವರನ್ನು ಕೇಳದೆ ಬರೆಯಲಿಲ್ಲ. ಗಾರೆ ಕೆಲಸದವರನ್ನು, ಸೂಲಗಿತ್ತಿಯರನ್ನು, ಚಮ್ಮಾರರನ್ನು, ಲಾರಿ ರಿಪೇರಿಯವರನ್ನು ಹುಡುಕಿಕೊಂಡು ಹೋದೆ. ಅನುಮತಿ ಕೇಳಲಿಲ್ಲ. ಇದನ್ನು ಸಾಹಸವೆಂದು ಹೊಗಳುವವರಿದ್ದಾರೆ. ಸಾಹಸವಲ್ಲ, ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಲಕ್ಕಮ್ಮನಿಗೆ ಬಂದ ಆ ಆದೇಶ ಇಂಗ್ಲಿಷಿನಲ್ಲಿತ್ತು. ಕನ್ನಡದವಳೊಬ್ಬಳಿಗೆ ಕನ್ನಡದ ಪದದಿಂದ ಆದ ಅನ್ಯಾಯದ ತೀರ್ಪನ್ನು ಇಂಗ್ಲಿಷಿನಲ್ಲಿ ಬರೆದು ಅಂಚೆಯಲ್ಲಿ ಕಳಿಸಿದ್ದರು. ಲಕ್ಕಮ್ಮ ಅದನ್ನು ಹಿಡಿದುಕೊಂಡು ನಮ್ಮ ಶಾಖೆಗೆ ಬಂದಳು. ಈ ಸಲ ನಾನು ಅವಳನ್ನು ವರಾಂಡಕ್ಕೆ ಕರೆದು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂರಿಸಿದೆ. ಯಾರೂ ತಡೆಯಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ. ಸಾಲು ಸಾಲಾಗಿ ಓದಿ ಹೇಳಿದೆ. ಕೊನೆಯಲ್ಲಿ, ಸರಬರಾಜುದಾರಳಿಗೆ ‘ಅನುಮಾನದ ಲಾಭ’ ಕೊಟ್ಟು ಬಿಡಲಾಗಿದೆ ಎಂದಿತ್ತು. ಆ ಮಾತನ್ನು ಮೆದುವಾಗಿಸಿ ಹೇಳಬಹುದಿತ್ತು. ತಪ್ಪಿಲ್ಲವೆಂದು ಬಿಟ್ಟಿದ್ದಾರೆ ಎಂದರೆ ಅವಳು ಸಂತೋಷದಿಂದ ಮನೆಗೆ ಹೋಗುತ್ತಿದ್ದಳು. ಆದರೆ ಅವಳ ಮುಂದೆ ಇನ್ನೊಂದು ಸುಳ್ಳು ಅನುವಾದ ಮಾಡಲು ನನ್ನ ನಾಲಗೆ ಏಳಲಿಲ್ಲ. ತಪ್ಪಿಲ್ಲವೆಂದಲ್ಲ, ಅನುಮಾನವಿದೆ, ರುಜುವಾತಾಗಲಿಲ್ಲವೆಂದು ಬಿಟ್ಟಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಕಾಗದದ ಕಡೆ ಬಗ್ಗಿ ನೋಡಿದಳು.

“ಅನುಮಾನ ಯಾರ್ ಮೇಲೆ?” ಎಂದು ಕೇಳಿದಳು.

ನಾನು ಆ ಸಾಲನ್ನು ಮತ್ತೊಮ್ಮೆ ಓದಿ ಹೇಳಿದೆ.

“ಅಂಗಾರೆ ಇನ್ನೂ ನನ್ ಮೇಲೇ ಐತೆ.”

ಕಾಗದವನ್ನು ಮಡಿಚಿ ಅವಳ ಕೈಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಎದ್ದು, ಸೆರಗು ಸರಿಪಡಿಸಿಕೊಂಡು, ಮೆಟ್ಟಿಲಿಳಿದಳು.

“ಅದು ನಿಮ್ಮೋರ್ ಕಾಗ್ದ ಕಣವ್ವ,” ಎಂದಳು. “ನೀವೇ ಇಟ್ಕಳಿ.”

ಇಟ್ಟುಕೊಂಡಿದ್ದೇನೆ.